ನೋವು ತೋರದ ಗಲ್ಲ

ಕೂಸಿಗೆ ಎದೆಹಾಲು ಕೊಡಬಾರದೆಂದು ಮನೆಯ ಹಿರಿಯರು ಹೇಳಿದ ಮೇಲೆ ನೀಲಗಂಗಮ್ಮ ದಿನಕ್ಕೆ ಹಲವು ಸಲ ತೋಟಕ್ಕೆ ಹೋಗಿ ಬರುತ್ತಿದ್ದಳು. ಕಮಲಾಪುರದ ಆ ತೋಟದಲ್ಲಿ ಕೆಂಪು ಬಾಳೆಯ ಗಿಡಗಳು ಒತ್ತೊತ್ತಾಗಿ ನಿಂತಿದ್ದವು. ಯಾರೂ ತುಳಿಯದ ಒಂದು ಬುಡ ನೋಡಿ, ಬೆನ್ನು ತಿರುಗಿಸಿ ಕೂತು, ಎದೆಯಲ್ಲಿ ಕಟ್ಟಿಕೊಂಡ ಹಾಲನ್ನು ಹಿಂಡಿ ಮಣ್ಣಿಗೆ ಬಿಡುತ್ತಿದ್ದಳು. ಹಾಲು ಯಾರ ಕಾಲಡಿಗೂ ಸಿಗಬಾರದೆಂದು ಹೇಳಿಕೊಟ್ಟವಳು ಅತ್ತೆ ಭೀಮಬಾಯಿ. ಹೇಳಿಕೊಟ್ಟು ಮನೆಯಲ್ಲಿ ಕೂರಲಿಲ್ಲ. ತಾನೂ ಹಿಂದೆಯೇ ಬಂದು, ಆ ಕಡೆ ಯಾರೂ ಬಾರದ ಹಾಗೆ ದಾರಿ ಕಾಯುತ್ತ ನಿಲ್ಲುತ್ತಿದ್ದಳು. ಹಾಲು ಮಣ್ಣಿಗೆ ಬೀಳುವ ಸದ್ದು ಅಷ್ಟು ದೂರ ಕೇಳುವಂಥದ್ದಲ್ಲ. ಆದರೂ ಭೀಮಬಾಯಿಗೆ ಕೇಳುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ನೀಲಗಂಗಮ್ಮನ ಎಡಗಲ್ಲದ ಮೇಲಿನ ಒಂದು ಮಚ್ಚೆ. ಬಾಣಂತನ ಮುಗಿಯುವ ಹೊತ್ತಿಗೆ ಜೋಳದ ಕಾಳಿನಷ್ಟು ಮೂಡಿದ್ದು, ಈಗ ಹೆಬ್ಬೆರಳು ಒತ್ತಿದರೂ ಮುಚ್ಚದಷ್ಟು ಹರಡಿತ್ತು. ಗೋಧಿ ಬಣ್ಣದ ಮುಖದಲ್ಲಿ ಅದೊಂದು ಕಡೆ ಮಾತ್ರ ಮಾಸಲು ಬಿಳುಪು.

"ಇದು ಬಂಗಲ್ಲ," ಎಂದಿದ್ದ ದೌಲಪ್ಪ, ಭೀಮಬಾಯಿಯ ಗಂಡನ ಅಣ್ಣ, ಮನೆಗೆ ಈಗ ಅವನೇ ಹಿರಿಯ. "ಬಂಗು ಕರ್ರಗಿರ್ತದ. ಇದು ಬೆಳ್ಳಗದ. ದೊಡ್ಡ ರೋಗ ಹಿಂಗೇ ಸುರು ಆಗ್ತದ."

ಕುಷ್ಠ ಎಂಬ ಮಾತನ್ನು ಅವನು ಬಾಯಿಂದ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ದೌಲಪ್ಪ ಕೆಟ್ಟವನಲ್ಲ. ಪ್ಲೇಗು ಬಂದ ವರ್ಷ ಒಂದೇ ವಾರದಲ್ಲಿ ಹೆಂಡತಿಯನ್ನೂ ಮಕ್ಕಳನ್ನೂ ಕಳೆದುಕೊಂಡ ಮನುಷ್ಯ. ಆಗ ಊರು ಬಿಟ್ಟು ಹೊಲದಲ್ಲಿ ಹಾಕಿಕೊಂಡಿದ್ದ ಗುಡಿಸಲು ಇನ್ನೂ ಅಲ್ಲೇ ನಿಂತಿತ್ತು. ಹೋದ ವಾರ ಅದರ ಮೇಲೆ ಹೊಸ ಜೋಳದ ಕಣಿಕೆ ಹೊದಿಸಿ ಬಂದಿದ್ದ. ಯಾರಿಗಾಗಿ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಕೇಳದೆ ಇದ್ದದ್ದು ಸಾಕೆನಿಸಿ ಒಂದು ಬೆಳಿಗ್ಗೆ ಭೀಮಬಾಯಿ ಸೆರಗು ಸರಿ ಮಾಡಿಕೊಂಡು ಪಡಸಾಲೆಯ ಕಂಬದ ಮರೆಗೆ ನಿಂತಳು.

"ಭಾವ, ಒಂದು ಮಾತ ಅದ. ಕಲಬುರ್ಗಿಗಿ ಹೋಗಿ ಸೂಜಿ ಹಲೀಮಾಬಿಗಿ ತೋರಿಸ್ಕೊಂಡು ಬರ್ತೀವಿ."

"ಆಕಿ ಬಂಗು ತೆಗ್ಯಾಕಿ. ಇದಕ್ಕೇನ್ ಮಾಡ್ತಾಳ?"

"ಮಾಡ್ಲಿ ಬಿಡ್ಲಿ, ಇದು ಅದೇ ಹೌದೋ ಅಲ್ಲೋ ಹೇಳ್ತಾಳಂತ. ಆಕಿ ಹೌದಂದ್ರ ನೀವು ಹೇಳಿದಂಗೇ ಆಗ್ಲಿ."

"ಆಕಿ ಹೌದಂದ್ರ ಕೂಸು ಇಲ್ಲಿ, ನಿನ್ನ ಸೊಸಿ ಅಲ್ಲಿ."

"ಹೂಂರಿ."

"ಅಲ್ಲಂದ್ರ?"

"ಅಲ್ಲಂದ್ರ ಕೂಸು ಆಕಿ ತೊಡೀ ಮ್ಯಾಲ. ಮತ್ತ ನೀವು ಒಂದು ಮಾತಾಡಬಾರದು."

ದೌಲಪ್ಪ ಎದ್ದು ರುಮಾಲು ಸುತ್ತಿಕೊಳ್ಳುತ್ತ, "ಜಗದೇವಗ ಬಂಡಿ ಕಟ್ಟಂತ ಹೇಳು," ಎಂದ.

ಕಮಲಾಪುರದಿಂದ ಕಲಬುರ್ಗಿಗೆ ಎತ್ತಿನ ಬಂಡಿಯಲ್ಲಿ ಹಗಲು ಪೂರ್ತಿ ದಾರಿ. ನೀಲಗಂಗಮ್ಮನ ಗಂಡ ಜಗದೇವಪ್ಪ ಮುಂದೆ ಕೂತು ಎತ್ತುಗಳ ಜೊತೆ ಮಾತಾಡುತ್ತಿದ್ದ; ಮನುಷ್ಯರ ಜೊತೆ ಆಡುವ ಮಾತು ಅವನಿಗೆ ಆ ದಿನ ಸಿಗುತ್ತಿರಲಿಲ್ಲ. ಕೂಸು ಭೀಮಬಾಯಿಯ ಮಡಿಲಲ್ಲಿತ್ತು. ಹೆಸರು ಮರೆಪ್ಪ, ತೀರಿಹೋದ ಅಜ್ಜನ ಹೆಸರು. ನೀಲಗಂಗಮ್ಮ ಬಂಡಿಯ ಹಿಂದಿನ ತುದಿಯಲ್ಲಿ, ಸೆರಗನ್ನು ಎಡಗಲ್ಲದ ಮೇಲೆ ಎಳೆದುಕೊಂಡು ಕೂತಿದ್ದಳು. ಕೂಸು ಎಚ್ಚರವಾದಾಗಲೆಲ್ಲ ಅತ್ತ ಕೈಚಾಚುತ್ತಿತ್ತು. ಭೀಮಬಾಯಿ ಒಳಲೆಯಲ್ಲಿ ಆಡಿನ ಹಾಲು ಹಾಕಿ ಬಾಯಿಗಿಟ್ಟರೆ ಅರ್ಧ ಕುಡಿದು ಅರ್ಧ ಉಗುಳುತ್ತಿತ್ತು.

"ಥೇಟ್ ಅವರಜ್ಜನೇ," ಎಂದಳು ಭೀಮಬಾಯಿ. "ಮಂದಿ ಮನಿ ಊಟ ಅಂದ್ರ ಹಿಂಗೇ ಮಾರಿ ತಿರುವತಿದ್ರು."

ನೀಲಗಂಗಮ್ಮ ನಕ್ಕಳು. ನಕ್ಕಿದ್ದು ಸೆರಗಿನ ಮರೆಯಲ್ಲಾದ್ದರಿಂದ ಕಾಣಲಿಲ್ಲ.

ಮಹಾಗಾಂವದ ಹತ್ತಿರ ನೆರಳು ಕಂಡು ಎತ್ತು ಬಿಚ್ಚಿದರು. ಬುತ್ತಿ ಬಿಚ್ಚಿದರು. ಮತ್ತೆ ಹೊರಟಾಗ ಭೀಮಬಾಯಿ ತನಗೆ ತಿಳಿದ ಹಾಡಿನ ಪದಗಳನ್ನು ಒಂದಾದ ಮೇಲೊಂದು ಹೇಳತೊಡಗಿದಳು. ಓದಲು ಬಾರದ ಹೆಂಗಸು. ಕೇಳಿ ಕೇಳಿಯೇ ಕಲಿತದ್ದು. ಅವಳ ದನಿ ದೊಡ್ಡದಲ್ಲ. ಗಾಲಿಯ ಕೀಲಿನ ಸದ್ದನ್ನು ಮೀರದೆ, ಅದರ ಜೊತೆಗೇ ಸಾಗುತ್ತಿತ್ತು. ಅದನ್ನು ಕೇಳುತ್ತ ಕೂಸು ಮಲಗಿತು. ಸಂಜೆಗೆ ಬ್ರಹ್ಮಪುರ ಸೇರಿ, ಶರಣಬಸವೇಶ್ವರರ ಗುಡಿಯ ಪೌಳಿಯಲ್ಲಿ ಇಳಿದುಕೊಂಡರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಇಬ್ಬರೂ ಹೆಂಗಸರು ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮುಗಿಸಿದರು. ಸೊಸೆಯ ಹಣೆಗೆ ವಿಭೂತಿಯನ್ನು ಭೀಮಬಾಯಿಯೇ ಹಚ್ಚಿದಳು. ಹಚ್ಚುವಾಗ ಬೆರಳು ಒಂದಿಷ್ಟು ಕೆಳಗಿಳಿದು ಆ ಮಚ್ಚೆಯನ್ನೂ ಸವರಿತು. ಬೇಕೆಂದೇ ಸವರಿದ್ದು. ಇಷ್ಟು ದಿನ ಅದನ್ನು ಯಾರೂ ಮುಟ್ಟಿರಲಿಲ್ಲ.

ಹಲೀಮಾಬಿಯ ಮನೆ ಬ್ರಹ್ಮಪುರ ದಾಟಿ ಒಂದು ಗಲ್ಲಿಯೊಳಗೆ. ಅವಳ ತಂದೆ ಹರೆಯದಲ್ಲಿ ರಂಗೂನಿಗೆ ಹೋಗಿ, ಅಲ್ಲಿಯ ಒಬ್ಬ ಚೀನೀ ವೈದ್ಯನ ಅಂಗಡಿಯಲ್ಲಿ ವರ್ಷಗಟ್ಟಲೆ ಬೇರು ಕುಟ್ಟಿಕೊಂಡಿದ್ದವನು. ಮೈಮೇಲೆ ಎಲ್ಲೆಲ್ಲಿ ಸೂಜಿ ಇಟ್ಟರೆ ಯಾವ ಬೇನೆ ಇಳಿಯುತ್ತದೆಂದು ನೋಡಿ ಕಲಿತು, ಕೂದಲಿನಂಥ ಸೂಜಿಗಳ ಒಂದು ಕಟ್ಟಿನೊಂದಿಗೆ ಊರಿಗೆ ಮರಳಿದ್ದ. ಗಂಡುಮಕ್ಕಳು ಆ ಕೆಲಸ ಒಲ್ಲೆ ಎಂದರು. ಮಗಳು ಕಲಿತಳು. ಮುಖದ ಬಂಗಿಗೆ ಅವಳ ಸೂಜಿ ಒಳ್ಳೆಯದೆಂದು ಹೆಸರಾಯಿತು. ಬಂಗು ಹೋದವರಿದ್ದರು, ಹೋಗದವರೂ ಇದ್ದರು. ಹೋಗದವರೂ ಮತ್ತೆ ಬರುತ್ತಿದ್ದರು. ಅವಳ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತರೆ ಮನಸ್ಸು ತಣ್ಣಗಾಗುತ್ತದೆ ಎನ್ನುತ್ತಿದ್ದರು.

"ಆವೋ, ಆವೋ, ಒಳಗ ಬರ್ರಿ," ಎಂದು ಹಲೀಮಾಬಿ ಗೋಣಿತಟ್ಟಿನ ಪರದೆ ಎತ್ತಿದಳು. ಐವತ್ತು ದಾಟಿದ ದುಂಡು ಮುಖದ ಹೆಂಗಸು. "ಗಂಡಸರು ಹೊರಗ, ಬೇವಿನ ಗಿಡದ ಬುಡಕ್ಕ. ಕೂಸಿನ್ನ ಅವರ ಕೈಯಾಗ ಕೊಡ್ರಿ. ಗಂಡಸರಿಗೂ ಕೂಸಿನ ಭಾರ ಗೊತ್ತಾಗ್ಲಿ."

ಜಗದೇವಪ್ಪ ಕೂಸನ್ನು ತುಂಬಿದ ಕೊಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ನಿಂತ.

ಒಳಗೆ ಹಲೀಮಾಬಿ ನೀಲಗಂಗಮ್ಮನನ್ನು ಬೆಳಕಿಗೆ ಮುಖ ಮಾಡಿ ಮಣೆಯ ಮೇಲೆ ಕೂರಿಸಿ ಸೆರಗು ಸರಿಸಿದಳು. ನೋಡಿ, ನಾಲಗೆ ಲೊಚಗುಟ್ಟಿದಳು.

"ಎಷ್ಟು ಚಂದ ಮಾರಿ! ದೃಷ್ಟಿ ಆಗ್ತದಂತ ಅಲ್ಲಾನೇ ಬೊಟ್ಟಿಟ್ಟಾನ ನೋಡ್ರಿ. ಕಾಡಿಗಿ ತೀರಿತ್ತಂತ ಬಿಳೇದು ಹಚ್ಚ್ಯಾನ."

ಭೀಮಬಾಯಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಬೀಬಿ, ನಗಸಬ್ಯಾಡ್ರಿ. ಇದು ಅದೇ ಏನಂತ ಮೊದಲ ಹೇಳ್ರಿ. ನಮ್ಮ ಮನ್ಯಾಗ ಗುಡಿಸಲ ತಯ್ಯಾರ ಮಾಡಿ ಇಟ್ಟಾರ."

ಹಲೀಮಾಬಿಯ ಮುಖ ಗಂಭೀರವಾಯಿತು. ತನ್ನ ಸೂಜಿಗಳನ್ನು ಬದಿಗಿಟ್ಟು ಬಟ್ಟೆ ಹೊಲಿಯುವ ಸೂಜಿಯೊಂದನ್ನು ತೆಗೆದು ದೀಪದ ಕುಡಿಗೆ ಹಿಡಿದಳು.

"ನಮ್ಮ ಅಬ್ಬಾ ಒಂದು ಕಾಯ್ದಿ ಹೇಳಿಕೊಟ್ಟಾರ," ಎಂದು ಭೀಮಬಾಯಿಯ ಕಿವಿಯ ಹತ್ತಿರ ಬಂದು ಹೇಳಿದಳು. "ಬಿಳಿ ಮಚ್ಚಿ ಕಂಡ್ರ ಮೊದಲ ಅದರ ನಡುವ ಚುಚ್ಚಬೇಕು. ನೋವು ಗೊತ್ತಾದ್ರ ಅದು ಬರೇ ಬಣ್ಣ ಹೋಗಿದ್ದು. ಗೊತ್ತಾಗಲಿಲ್ಲಂದ್ರ ಅದೇ. ಆಗ ನಾ ಕೈ ಹಚ್ಚಂಗಿಲ್ಲ."

"ಗೊತ್ತಾಯ್ತೋ ಇಲ್ಲೋ ಅಂತ ಆಕೀನ್ನ ಕೇಳಿದ್ರಾಯ್ತಲ್ಲ?"

"ಕೇಳಬಾರದು ಅಕ್ಕಾ. ಎಲ್ಲಾರೂ ಗೊತ್ತಾಯ್ತು ಅಂತಾರ. ಹೆದರಿದ ಬಾಯಿ ಅದು, ಪಾಪ. ಕಣ್ಣಿನ ರೆಪ್ಪಿ ನೋಡಬೇಕು. ಹುಬ್ಬು ನೋಡಬೇಕು."

'ಬಿಸ್ಮಿಲ್ಲಾ' ಎಂದು ಹಲೀಮಾಬಿ ಮಚ್ಚೆಯ ನಡುವೆ ಸೂಜಿ ಚುಚ್ಚಿದಳು. ನೀಲಗಂಗಮ್ಮ ಎದುರಿನ ಗೋಡೆಯನ್ನು ನೋಡುತ್ತಿದ್ದಳು, ನೋಡುತ್ತಲೇ ಇದ್ದಳು. ರೆಪ್ಪೆ ಬಡಿಯಲಿಲ್ಲ. ಹುಬ್ಬು ಕೂಡಲಿಲ್ಲ. ಹಲೀಮಾಬಿ ಇನ್ನೊಂದಿಷ್ಟು ಒತ್ತಿ ಚುಚ್ಚಿದಳು. ಕೆಂಪಗೆ ಒಂದು ಹನಿ ಮೂಡಿತು. ಮುಖ ಹಾಗೆಯೇ ಇತ್ತು, ಗಾಳಿಯಿಲ್ಲದ ಹೊತ್ತಿನ ಬಾವಿಯ ನೀರಿನಂತೆ. ಎಲ್ಲೋ ಕೆಳಗೆ, ಫರಸಿ ಕಲ್ಲಿನ ಮೇಲೆ, ಟಿಕ್ ಟಿಕ್ ಎಂದು ಸಣ್ಣ ಸದ್ದು ಮಾತ್ರ ಆಗುತ್ತಿತ್ತು.

ಹಲೀಮಾಬಿ ಸೂಜಿಯನ್ನು ಕೆಳಗಿಟ್ಟಳು. ಹತ್ತಿಯಿಂದ ಆ ಹನಿ ಒರೆಸಿ, ಒರೆಸಿದ ಮೇಲೂ ಕೈ ತೆಗೆಯದೆ ಗಲ್ಲದ ಮೇಲೇ ಇಟ್ಟುಕೊಂಡಳು. ಭೀಮಬಾಯಿಯ ಕಡೆ ನೋಡಿ, ನೋವು ಗೊತ್ತಾಗಲಿಲ್ಲವೆಂದು ತಲೆಯಾಡಿಸಿದಳು.

ನೀಲಗಂಗಮ್ಮನಿಗೆ ತಿಳಿಯಿತು. "ಅತ್ತಿ, ನನಗ ಗೊತ್ತಾಯ್ತಲ್ಲ!" ಎಂದಳು. "ಬೀಬಿ, ಗೊತ್ತಾಯ್ತರೀ. ಎರಡು ಸಲ ಚುಚ್ಚಿದ್ರಿ. ಎರಡೂ ಗೊತ್ತಾಯ್ತರೀ."

"ಹೌದು ಬೇಟಿ," ಎಂದಳು ಹಲೀಮಾಬಿ. ಆ ದನಿ ಎಷ್ಟು ಮೆತ್ತಗಿತ್ತೆಂದರೆ, ಅವಳು ನಂಬಿಲ್ಲವೆಂಬುದು ಅದರಲ್ಲೇ ಇತ್ತು. "ಹೌದವ್ವ. ಹತ್ತಿ ಮ್ಯಾಲಿನ ರಕ್ತ ನೀನೂ ನೋಡ್ದಿ, ಅದಕ್ಕ ಹಂಗ ಅನಸ್ತದ."

"ಅತ್ತಿ, ನೀವಾದ್ರೂ ಹೇಳ್ರಿ. ನಾ ಎಂದಾದ್ರೂ ಸುಳ್ಳು ಹೇಳೀನೇನು?"

ಸೊಸೆ ಸುಳ್ಳು ಹೇಳುವವಳಲ್ಲವೆಂದು ಭೀಮಬಾಯಿಗೆ ಗೊತ್ತು. ಸೂಜಿ ಒಳಗಿಳಿದದ್ದನ್ನೂ, ಮುಖ ಕದಲದ್ದನ್ನೂ ತನ್ನ ಕಣ್ಣಿಂದಲೇ ಕಂಡಿದ್ದಳು. ಎರಡರಲ್ಲಿ ಯಾವುದನ್ನು ನಂಬಬೇಕು? ಅವಳು ಕಣ್ಣು ಮುಚ್ಚಿದಳು. ಕಷ್ಟ ಬಂದಾಗ ಅವಳು ಹಾಗೆಯೇ. ನೋಡುವುದನ್ನು ಬಿಟ್ಟು ಕೇಳುತ್ತಾಳೆ. ಹೊರಗೆ ಬೇವಿನಲ್ಲಿ ಗಿಳಿ ಕೂಗುತ್ತಿತ್ತು. ಕೂಸು ಅಳತೊಡಗಿತ್ತು. ಜಗದೇವಪ್ಪ ಅದಕ್ಕೆ "ಹೋ ಹೋ" ಎನ್ನುತ್ತಿದ್ದ, ಎತ್ತಿಗೆ ಹೇಳಿದ ಹಾಗೆ. ಇಲ್ಲಿ ಹತ್ತಿರದಲ್ಲಿ ಆ ಟಿಕ್ ಟಿಕ್ ಇನ್ನೂ ನಿಂತಿರಲಿಲ್ಲ.

ಅದೊಂದು ತಾಳ. ಅವಳಿಗೆ ಗೊತ್ತಿದ್ದ ತಾಳ.

ಕಣ್ಣು ತೆರೆದು ನೋಡಿದಳು. ಸೀರೆಯ ಅಂಚಿನಡಿ ನೀಲಗಂಗಮ್ಮನ ಕಾಲುಂಗುರ ಕಲ್ಲಿಗೆ ತಾಗಿ ಏಳುತ್ತಿತ್ತು, ಮತ್ತೆ ತಾಗುತ್ತಿತ್ತು. ಕಾಲು ಹಾಗೆ ಮಾಡುತ್ತಿರುವುದು ಅವಳಿಗೇ ತಿಳಿದಿರಲಿಲ್ಲ.

ಹಚ್ಚೆಯ ಪದ! ಅವರ ಮನೆಗೆ ಬಂದ ಸೊಸೆಯ ಮುಂಗೈಗೆ ಹಚ್ಚೆ ಹೊಯ್ಸದೆ ಅವಳ ಕೈಯ ನೀರು ಕುಡಿಯುವುದಿಲ್ಲ. ಹಚ್ಚೆ ಹಾಕುವವಳು ಮೂರು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುತ್ತಿರುವಾಗ ಕೇರಿಯ ಹೆಂಗಸರು ಸುತ್ತ ಕೂತು ಆ ಪದ ಹೇಳುತ್ತಾರೆ. ಎಳೆಯ ಹುಡುಗಿಯಾಗಿದ್ದ ನೀಲಗಂಗಮ್ಮನನ್ನು ಅಂದು ತೊಡೆಯ ಮೇಲೆ ಕೂರಿಸಿಕೊಂಡವಳು ಭೀಮಬಾಯಿಯೇ. ಅಳಬಾರದು, ಮುಖ ಕಿವುಚಬಾರದು, ರೆಪ್ಪೆಯನ್ನೂ ಬಡಿಯಬಾರದು. ಬಡಿದರೆ ಹಚ್ಚೆಯ ಹಸಿರು ಒಡೆಯುತ್ತದೆ, ಹಸಿರು ಒಡೆದರೆ ಮನೆ ಒಡೆಯುತ್ತದೆ ಎಂದು ಕಿವಿಯಲ್ಲಿ ಹೇಳಿದವಳೂ ಅವಳೇ. ಹುಡುಗಿ ಅದನ್ನು ದೇವರ ಮಾತಿನಂತೆ ಹಿಡಿದಳು. ಮುಂಗೈ ತುಂಬ ತೊಟ್ಟಿಲು ಮೂಡುವವರೆಗೆ ಕಲ್ಲಿನಂತೆ ಕೂತಿದ್ದಳು; ಕಾಲು ಮಾತ್ರ ಆ ಪದದ ತಾಳ ಹಾಕುತ್ತಿತ್ತು. ಹೆಂಗಸರು ಮೆಚ್ಚಿ ಮಾತಾಡಿದರು. ಕಳೆದ ವರ್ಷ ಮರೆಪ್ಪ ಹುಟ್ಟುವಾಗಲೂ ಅಷ್ಟೆ. ಇವಳು ಒಂದು ಸಲವೂ ಕೂಗದ್ದು ನೋಡಿ ಸೂಲಗಿತ್ತಿಯೇ ಹೆದರಿದ್ದಳು.

"ಬೀಬಿ, ಆ ಕಡೀ ಗಲ್ಲಕ್ಕ ಚುಚ್ಚ್ರಿ," ಎಂದಳು ಭೀಮಬಾಯಿ.

"ಅದು ಛಲೋ ಗಲ್ಲ ಅದ, ಅಕ್ಕಾ."

"ಅದಕ್ಕೇ ಅಂದೆ. ಚುಚ್ಚ್ರಿ."

ಹಲೀಮಾಬಿ ಬಲಗಲ್ಲಕ್ಕೆ ಚುಚ್ಚಿದಳು. ರೆಪ್ಪೆ ಬಡಿಯಲಿಲ್ಲ. ಹುಬ್ಬು ಕೂಡಲಿಲ್ಲ. ಅವಳಿಗೆ ತನ್ನ ಸೂಜಿಯ ಮೇಲೇ ಅನುಮಾನ ಬಂದು ಸ್ವಂತ ಬೆರಳಿಗೆ ಚುಚ್ಚಿಕೊಂಡು "ಹಾಯ್!" ಎಂದು ಕೈ ಝಾಡಿಸಿದಳು.

"ಏ ಹುಡುಗಿ, ನೀ ಏನ್ ಮನುಷ್ಯಾಳೋ ಏನ್ ಗ್ವಾಡಿಯೋ?"

"ಆಕೀದು ತಪ್ಪಿಲ್ರಿ," ಎಂದಳು ಭೀಮಬಾಯಿ. "ನಾನೇ ಕಲಿಸೀನಿ. ಸೂಜಿ ಚುಚ್ಚಿದ್ರ ಮಾರಿ ಹಿಂಗ ಹಿಡಿ ಅಂತ ನಾನೇ ಹೇಳೀನಿ." ಹಚ್ಚೆಯ ಕತೆಯನ್ನು ಅವಳು ಹೇಳಿ ಮುಗಿಸುವಷ್ಟರಲ್ಲಿ ಹಲೀಮಾಬಿ ಸೊಸೆಯ ಮುಂಗೈ ಹಿಡಿದು ಆ ಹಸಿರು ತೊಟ್ಟಿಲಿನ ಮೇಲೆ ಬೆರಳಾಡಿಸುತ್ತಿದ್ದಳು.

"ನನ್ನ ಕಾಯ್ದಿ ಇಲ್ಲಿ ಸೋತಿತು," ಎಂದಳು ಹಲೀಮಾಬಿ. "ಆದ್ರ ಅಕ್ಕಾ, ಮಾರಿ ಯಾಕ ಸುಮ್ಮನಿತ್ತಂತ ಗೊತ್ತಾತು. ಆ ಮಚ್ಚಿಗಿ ಖಬರ ಅದನೋ ಇಲ್ಲೋ, ಅದಿನ್ನೂ ಗೊತ್ತಾಗಲಿಲ್ಲ." ಕೂತು ಯೋಚಿಸಿದಳು. ಆಮೇಲೆ ಹತ್ತಿಯ ಒಂದು ಎಳೆ ಹೊಸೆದು, ತುದಿಯನ್ನು ಕೂದಲಿನಷ್ಟು ಸಣ್ಣಗೆ ಮಾಡಿದಳು. "ಆಕಿ ಕಣ್ಣು ಮುಚ್ಚ್ರಿ. ಗಟ್ಟಿ ಮುಚ್ಚ್ರಿ. ಬೇಟಿ, ಎಲ್ಲಿ ಮುಟ್ಟಿತು ಅನಸ್ತದ, ಅಲ್ಲಿ ಬಟ್ಟು ಇಡು. ಬಾಯಿ ತೆರೀಬ್ಯಾಡ."

ಭೀಮಬಾಯಿ ಹಿಂದೆ ಕೂತು ಸೊಸೆಯ ಎರಡೂ ಕಣ್ಣನ್ನು ಅಂಗೈಯಿಂದ ಮುಚ್ಚಿದಳು. ಅಂಗೈ ಒದ್ದೆಯಾಯಿತು.

ಹತ್ತಿಯ ಎಳೆ ಗದ್ದವನ್ನು ಮುಟ್ಟಿತು. ನೀಲಗಂಗಮ್ಮನ ಬೆರಳು ಗದ್ದಕ್ಕೆ ಹೋಯಿತು. ಬಲಗಲ್ಲ, ಬೆರಳು ಬಲಗಲ್ಲಕ್ಕೆ. ಎಳೆ ಎಡಕ್ಕೆ ಬಂದು, ಮಚ್ಚೆಯ ಮೇಲೆ ಗಾಳಿಯಲ್ಲಿ ನಿಂತಿತು. ಇನ್ನೂ ಮುಟ್ಟಿರಲಿಲ್ಲ. ಬೆರಳು ಕದಲಲಿಲ್ಲ. ಎಳೆ ಮಚ್ಚೆಯ ನಟ್ಟನಡುವೆ ಒಂದಿಷ್ಟೇ ತಾಗಿತು. ಬೆರಳು ಎದ್ದು, ನಿಧಾನಕ್ಕೆ ಬಂದು, ಹತ್ತಿ ಮುಟ್ಟಿದ ಚುಕ್ಕೆಯ ಮೇಲೆಯೇ ಕೂತಿತು.

ಹಲೀಮಾಬಿ ಮತ್ತೆ ಮಾಡಿದಳು. ಮಚ್ಚೆಯ ಅಂಚಿಗೆ, ಹಣೆಗೆ, ಮತ್ತೆ ಮಚ್ಚೆಗೆ. ಬೆರಳು ಪ್ರತಿ ಸಲವೂ ಸುಳಿವು ಹಿಡಿದ ಇರುವೆಯಂತೆ ಅಲ್ಲಿಗೇ ಬಂದಿತು.

"ಅಲ್ಲ," ಎಂದಳು ಹಲೀಮಾಬಿ. "ಅದಲ್ಲ ಅಕ್ಕಾ. ಕಸಂ ಮಾಡಿ ಹೇಳ್ತೀನಿ, ಅದಲ್ಲ."

ಭೀಮಬಾಯಿ ಸೊಸೆಯ ಕಣ್ಣಿಂದ ಕೈ ತೆಗೆಯಲಿಲ್ಲ. ಹಾಗೆಯೇ ಅವಳ ತಲೆಯನ್ನು ತನ್ನ ಎದೆಗೊತ್ತಿಕೊಂಡು "ಶಿವಾ, ಶಿವಾ" ಎನ್ನುತ್ತ ಕೂತಳು.

"ನಮ್ಮ ಭಾವನೋರಿಗೂ ಹತ್ತಿ ಹಿಡಿದೇ ತೋರಸ್ತೀನಿ," ಎಂದಳು ಆಮೇಲೆ. "ಅವರ ಎದುರೇ ಕಣ್ಣು ಮುಚ್ಚಿ ಕುಂದರಸ್ತೀನಿ."

"ತೋರಸ್ರಿ. ಆದ್ರ ಮಚ್ಚಿ ಹೋಗ್ತದಂತ ನಾ ಮಾತು ಕೊಡಂಗಿಲ್ಲ. ಬಂಗು ಹೋಗಿದ್ದು ಭಾಳ ನೋಡೀನಿ. ಬಿಳೇದು ಒಂದೊಂದು ಹೋಗ್ಯಾವ, ಒಂದೊಂದು ಹಂಗೇ ಉಳಿದಾವ. ಸುತ್ತ ಬೇಲಿ ಕಟ್ಟತೀನಿ, ಮುಂದ ಹರೀಬಾರದಂತ. ಉಳಿದದ್ದು ಮ್ಯಾಲಿನವನ ಮರ್ಜಿ."

"ಇರ್ಲಿ ಬಿಡ್ರಿ. ಇದ್ರೂ ನಮ್ಮದೇ, ಹೋದ್ರೂ ನಮ್ಮದೇ."

ಹಲೀಮಾಬಿ ಈಗ ತನ್ನ ತಂದೆಯ ಸೂಜಿಗಳ ಕಟ್ಟು ಬಿಚ್ಚಿದಳು. ಮೊದಲು ಹೆಬ್ಬೆರಳು ತೋರುಬೆರಳುಗಳ ಸಂದಿಗೊಂದು, ಮೊಣಕಾಲಿನ ಕೆಳಗೊಂದು. ಆಮೇಲೆ ಮಚ್ಚೆಯ ಅಂಚಿನುದ್ದಕ್ಕೂ, ಹೊಲಕ್ಕೆ ಮುಳ್ಳಿನ ಬೇಲಿ ಹಾಕಿದ ಹಾಗೆ, ಓರೆಯಾಗಿ ಒಂದೊಂದೇ.

"ನೋಡು ಬೇಟಿ, ಇದು ನಿಮ್ಮ ಹಚ್ಚಿ ಅಲ್ಲ. ಇಲ್ಲಿ ನೋವಾದ್ರ 'ಹಾ' ಅನ್ನಬೇಕು. ಅಂದ್ರನೇ ಸೂಜಿ ಸರಿ ಕುಂತಾದೋ ಇಲ್ಲೋ ನನಗ ಗೊತ್ತಾಗ್ತದ."

"ಹೂಂರಿ," ಎಂದಳು ನೀಲಗಂಗಮ್ಮ. ಸೂಜಿ ಇಳಿಯಿತು. ಅವಳು ಸುಮ್ಮನೆ ಕೂತಿದ್ದಳು.

"ಅನ್ನು ಹುಡುಗಿ."

"ಬಾಯಿಗಿ ಬರಲ್ದರಿ."

"ಹಾ!" ಎಂದಳು ಪಕ್ಕದಲ್ಲಿದ್ದ ಭೀಮಬಾಯಿ. ಮತ್ತೊಂದು ಸೂಜಿ ಇಳಿಯಿತು. "ಅಯ್ಯಯ್ಯ!" ಎಂದಳು ಭೀಮಬಾಯಿ. ಮುಂದಿನ ಸೂಜಿಗೆ ಅವಳ ದನಿ ಗಲ್ಲಿಯವರೆಗೂ ಹೋಯಿತು.

ಹೊರಗಿನಿಂದ ಜಗದೇವಪ್ಪ ಗಾಬರಿಯಾಗಿ ಕೂಗಿದ. "ಯವ್ವಾ! ಸೂಜಿ ಯಾರಿಗಿ ಹಾಕ್ಲಾಕತ್ತಾರ, ಆಕೀಗೋ ನಿನಗೋ?"

"ಇಬ್ಬರಿಗೂ ಹಾಕ್ಲಾಕತ್ತೀನಿ, ನೀನೂ ಬರ್ತೀಯೇನು?" ಎಂದು ಹಲೀಮಾಬಿ ಒಳಗಿಂದಲೇ ಕೇಳಿದಳು. ಸೂಜಿಗಳು ಗಲ್ಲದ ಮೇಲೆ ನಡುಗಿದವು. ನೀಲಗಂಗಮ್ಮ ನಗುತ್ತಿದ್ದಳು, ಈ ಸಲ ಸೆರಗಿರಲಿಲ್ಲ.

"ಜಗದೇವಾ," ಎಂದು ಭೀಮಬಾಯಿ ಪರದೆಯ ಹತ್ತಿರ ಹೋದಳು. "ಅದಲ್ಲಂತಪಾ. ಬೀಬಿ ಹೇಳಿದ್ರು. ಅದಲ್ಲ."

ಪರದೆಯ ಆಚೆ ಕೂಸು ಅಳುತ್ತಿತ್ತು, ಅದರ ನಡುವೆ ಒಂದು ದೊಡ್ಡ ಗಂಡಸು ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ ಪರದೆಯ ಸಂದಿಯಿಂದ ಎರಡು ಕೈಗಳು ಕೂಸನ್ನು ಒಳಗೆ ಚಾಚಿದವು.

ಸೂಜಿ ತೆಗೆಯುವ ಹೊತ್ತಿನವರೆಗೆ ಭೀಮಬಾಯಿ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಿದಳು. ಹಲೀಮಾಬಿ ಕೊನೆಯ ಸೂಜಿ ತೆಗೆದು ಬೆರಳಿನಿಂದ ಒತ್ತಿ, "ತಗೋ, ಇನ್ನ ನಿಂದು," ಎಂದಳು. ನೀಲಗಂಗಮ್ಮ ಕೈ ಚಾಚಿದಳು. ಇಷ್ಟು ದಿನದ ಮೇಲೆ ಕೂಸು ತನ್ನನ್ನು ಮರೆತಿರಬಹುದೆಂದು ಅವಳು ಹೆದರಿದ್ದಳು. ಅದು ಮರೆತಿರಲಿಲ್ಲ. ಮಡಿಲಿಗೆ ಬಿದ್ದದ್ದೇ ಸೆರಗಿನೊಳಗೆ ಮುಖ ತೂರಿಸಿ ಹುಡುಕಿ, ಸಿಕ್ಕ ಮೇಲೆ ಒಂದು ಬಿಕ್ಕು ಬಿಕ್ಕಿ ಕುಡಿಯತೊಡಗಿತು. ಗುಟುಕು ಗುಟುಕಾಗಿ ಹಾಲು ಇಳಿಯುವುದೊಂದೇ ಕೇಳುತ್ತಿತ್ತು. ಭೀಮಬಾಯಿ ಅದಕ್ಕೆ ಕಿವಿಗೊಟ್ಟು ಕೂತಳು.

"ಹಾ!" ಎಂದು ನೀಲಗಂಗಮ್ಮ ಒಮ್ಮೆಲೇ ಕೂಗಿದಳು. ಹುಬ್ಬು ಕೂಡಿತು, ಕಣ್ಣು ಕಿರಿದಾಯಿತು, ಮುಖವೆಲ್ಲ ಕಿವುಚಿತು.

"ಏನಾತು? ಏನಾತವ್ವ?" ಭೀಮಬಾಯಿ ಧಾವಿಸಿದಳು.

ನೀಲಗಂಗಮ್ಮ ಕೂಸಿನ ಕೆಳದುಟಿಯನ್ನು ಮೆಲ್ಲಗೆ ಬೆರಳಿನಿಂದ ಸರಿಸಿದಳು. ಒಸಡಿನ ನಡುವೆ ಅಕ್ಕಿಯ ನುಚ್ಚಿನಷ್ಟು ಒಂದು ಬಿಳುಪು.

"ಹಲ್ಲು ಬಂದಾದ ಅತ್ತಿ," ಎಂದಳು. "ಯಾವಾಗ ಬಂತು? ನನಗ ಗೊತ್ತೇ ಇಲ್ಲ."

"ನನಗೂ ಗೊತ್ತಿಲ್ಲವ್ವ. ಒಳಲಿಗಿ ಹಲ್ಲು ಹತ್ತಲಿಲ್ಲ ನೋಡು."

ನೀಲಗಂಗಮ್ಮ ಆ ಹಲ್ಲನ್ನು ಇನ್ನೊಂದು ಸಲ ಮುಟ್ಟಿ ನೋಡಿದಳು. ಆಮೇಲೆ ಕೂಸನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿಕೊಂಡಳು.